ಊರು ಅನ್ನುವ ಕಾಲಂ

ಪಾಂಡವಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಎಸ್‌ಟಿಡಿ ಬೂತಿನ ಹಿಂದಿನ ಕೋಣೆಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಅನ್ನುವುದು ದೊಡ್ಡ ಮಾತು. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದವಳಿಗೆ ಒಂದು ಕೆಲಸ ಸಿಕ್ಕಿತ್ತು, ನನಗಿಂತ ಒಂದು ಪಾಠ ಹಿಂದೆ ಇದ್ದವರಿಗೆ ನಾನು ಮೇಡಂ ಆಗಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೂತಿನ ಯಜಮಾನರನ್ನು ಊರೆಲ್ಲ ಭಾಯ್ ಎಂದು ಕರೆಯುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅವರು ಕಬ್ಬಿನ ಲಾರಿ ಓಡಿಸಿ, ಆಮೇಲೆ ಸ್ವಂತ ಲಾರಿ ಇಟ್ಟು, ಕೊನೆಗೆ ಲಾರಿಯ ಸಹವಾಸವೇ ಬೇಡವೆಂದು ಫೋನಿನ ವ್ಯಾಪಾರಕ್ಕೆ ಬಂದವರು. ಹೊಸದೇನು ಕಂಡರೂ ಅದು ತಮ್ಮ ಅಂಗಡಿಯಲ್ಲಿ ಇರಬೇಕು. ಜೆರಾಕ್ಸ್ ಬಂದಾಗ ಜೆರಾಕ್ಸ್ ತಂದರು, ಫ್ಯಾಕ್ಸ್ ಬಂದಾಗ ಫ್ಯಾಕ್ಸ್ ತಂದರು. ಇಂಟರ್ನೆಟ್ ಬಂದಾಗ ಸುಮ್ಮನಿರುವ ಪೈಕಿ ಅಲ್ಲ.

ಬೂತಿಗೆ ಬರುವವರು ಫೋನ್ ಮಾಡುವುದಕ್ಕಿಂತ ಹೆಚ್ಚು ನಂಬರ್ ಕೇಳುತ್ತಿದ್ದರು. ಮೋಟಾರ್ ವೈಂಡಿಂಗ್ ಮಾಡುವವರ ನಂಬರ್ ಐತಾ, ಶಾಮಿಯಾನದವರದ್ದು ಐತಾ, ಮದುವೆಗೆ ವೀಡಿಯೊ ತೆಗೆಯುವವರದ್ದು ಐತಾ. ಇದನ್ನೆಲ್ಲ ಒಂದು ವೆಬ್‌ಸೈಟಿಗೆ ಹಾಕಿಬಿಟ್ಟರೆ ಹೇಗೆ ಎಂದು ಭಾಯ್‌ಗೆ ಹೊಳೆಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಕೈಕೆಲಸ ಮಾಡುವವರ ಡೈರೆಕ್ಟರಿ. ಅವರ ಉತ್ಸಾಹ, ನನ್ನ ಕಾಲು. ಬಸ್ಸಿನಲ್ಲಿ ಊರೂರು ತಿರುಗಿ ಅಂಗಡಿ ಅಂಗಡಿ ಹೊಕ್ಕು ಕೇಳಿದವಳು ನಾನು. ಹೆಸರು, ಕೆಲಸ, ಊರು, ಫೋನ್. ನಮ್ಮ ಬೆಳಗೊಳದ ಕಡೆಯದನ್ನು ಮಾತ್ರ ಅಪ್ಪನಿಗೆ ವಹಿಸಿದ್ದೆ. ಅಪ್ಪ ಅಲ್ಲಿನ ಒಂದು ಮಿಲ್ಲಿನಲ್ಲಿ ಕೆಲಸದಲ್ಲಿದ್ದರು, ಕಾಲೋನಿಯವರೆಲ್ಲ ಪರಿಚಯ. ಬರೆದು ತಂದದ್ದನ್ನು ನಮ್ಮ ವಿದ್ಯಾರ್ಥಿಗಳು ಟೈಪಿಂಗ್ ಅಭ್ಯಾಸವೆಂದು ಒಳಗೆ ಹಾಕಿದರು.

ಮೊದಲಿಗೆ ಎಲ್ಲವೂ ಒಂದೇ ಉದ್ದನೆಯ ಪುಟ. ಬೂತಿನ ಫೋನ್ ಲೈನಿನಲ್ಲೇ ಬರುತ್ತಿದ್ದ ಆಗಿನ ಇಂಟರ್ನೆಟ್ಟಿನಲ್ಲಿ ಪುಟ ಪೂರ್ತಿ ತೆರೆಯುವಷ್ಟರಲ್ಲಿ ನಂಬರ್ ಕೇಳಿದವನು ಎದುರಿನ ಹೋಟೆಲಿಗೆ ಹೋಗಿ ಟೀ ಕುಡಿದು ಬಂದಿರುತ್ತಿದ್ದ. ತೆರೆದ ಮೇಲೆ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೇಲಿಂದ ಕೆಳಕ್ಕೆ ಹುಡುಕಬೇಕು. ನಡುವೆ ಬೂತಿನಲ್ಲಿ ಯಾರಾದರೂ ಆ ಲೈನಿನ ಫೋನೆತ್ತಿದರೆ ಎಲ್ಲ ಕಟ್.

"ಬೇಟಿ, ಇದು ಡೈರೆಕ್ಟರಿ ಅಲ್ಲ ಕಣಮ್ಮ, ಕಂತೆಪುರಾಣ," ಎಂದರು ಭಾಯ್ ಒಂದು ದಿನ. "ಯಾವ ಕೆಲ್ಸ, ಯಾವ ಊರು, ಅಂತ ಒತ್ತುದ್ರೆ ಟಪ್ ಅಂತ ಬರ್ಬೇಕು. ದೊಡ್ಡೋರ ಸೈಟ್‌ಗಳಲ್ಲಿ ಬರಲ್ವಾ, ಅಂಗೆ."

ಟಪ್ ಅಂತ ಅಂದುಬಿಟ್ಟರು. ಅದನ್ನು ಮಾಡಬೇಕಾದವಳಿಗೆ ಅದು ಹೇಗೆಂದೇ ಗೊತ್ತಿರಲಿಲ್ಲ. ಮೈಸೂರಿನಲ್ಲಿ ಹಳೇ ಪುಸ್ತಕದ ಅಂಗಡಿಯಿಂದ ಒಂದು ದಪ್ಪ ಪುಸ್ತಕ ತಂದು, ಬಸ್ಸಿನಲ್ಲಿ ನಿಂತೇ ಓದಿದೆ. ಪ್ರೋಗ್ರಾಂ ಬರೆದು ಯಾವುದೋ ದೇಶದಲ್ಲಿರುವ ಸರ್ವರಿಗೆ ಕಳಿಸಿದರೆ, ಒಂದು ಚುಕ್ಕಿ ತಪ್ಪಿದ್ದಕ್ಕೂ ಅದು ಅದೇ ಒಂದು ಸಾಲಿನ ಉತ್ತರ ಕೊಡುತ್ತಿತ್ತು: ಒಳಗೇನೋ ತಪ್ಪಾಗಿದೆ. ಎಲ್ಲಿ, ಏನು, ಊಹೂಂ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಹಾಗೆ ಮುಖ ಗಂಟಿಕ್ಕಿಕೊಂಡು ಉತ್ತರ ಹೇಳುವ ಗುಮಾಸ್ತರನ್ನು ಕಚೇರಿಗಳಲ್ಲಿ ಕಂಡಿದ್ದೆ, ಅವರ ಜೊತೆಗಾದರೂ ಜಗಳ ಆಡಬಹುದಿತ್ತು. ಊರಿನ ಹೆಸರನ್ನು ಟೈಪು ಮಾಡುವ ತಾಪತ್ರಯವೇ ಬೇಡವೆಂದು ಎರಡು ಪಟ್ಟಿ ಇಟ್ಟೆ. ಒಂದರಲ್ಲಿ ಕೆಲಸ ಆರಿಸುವುದು, ಇನ್ನೊಂದರಲ್ಲಿ ಊರು ಆರಿಸುವುದು, ಆಮೇಲೆ 'ಹುಡುಕು' ಎಂದು ಒತ್ತುವುದು. ಒಂದು ಬೆಳಿಗ್ಗೆ ಅದು ತಪ್ಪಿನ ಸಾಲು ಬಿಟ್ಟು ನಿಜವಾದ ಉತ್ತರ ಕೊಟ್ಟಿತು. ನಾನು ಕುರ್ಚಿಯಿಂದ ಎದ್ದು ಹೋಗಿ ಭಾಯ್‌ನ ಕರೆದುಕೊಂಡು ಬಂದೆ.

ಅವರು ಕನ್ನಡಕ ಹಾಕಿಕೊಂಡು ಕೂತರು. ಎಲೆಕ್ಟ್ರಿಷಿಯನ್, ಪಾಂಡವಪುರ, ಹುಡುಕು. ಒಬ್ಬನೂ ಇಲ್ಲ ಎಂದು ಬಂತು. ಪಾಂಡವಪುರದಲ್ಲಿ ಕಲ್ಲು ಎಸೆದರೆ ಎಲೆಕ್ಟ್ರಿಷಿಯನ್ ಮೇಲೆ ಬೀಳುತ್ತಿತ್ತು. ನಾಗಮಂಗಲ ಎಂದು ಕೊಟ್ಟರೆ ಪರದೆ ತುಂಬಾ ಬಂದರು. ಭಾಯ್ ನನ್ನ ಮುಖ ನೋಡಿ ಕನ್ನಡಕ ತೆಗೆದು ಎದ್ದು ಹೋದರು. ಬೈದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಪ್ರೋಗ್ರಾಂನಲ್ಲೇ ತಪ್ಪಿದೆ ಅಂದುಕೊಂಡು ಆ ವಾರವೆಲ್ಲ ಅದನ್ನು ಬಿಚ್ಚಿ ಕಟ್ಟಿದೆ. ತಪ್ಪು ಸಿಗಲಿಲ್ಲ. ಕೊನೆಗೆ ಮೋಟಾರ್ ವೈಂಡಿಂಗ್, ಕೆ.ಆರ್. ಪೇಟೆ ಎಂದು ಕೊಟ್ಟು, ಬಂದ ಮೊದಲನೇ ನಂಬರಿಗೆ ಬೂತಿನಿಂದಲೇ ಫೋನ್ ಮಾಡಿದೆ. ಫೋನ್ ನಮ್ಮ ಗೋಡೆಯ ಆಚೆ ಟ್ರಿಣ್ ಟ್ರಿಣ್ ಎಂದಿತು. ನಮ್ಮ ಕಟ್ಟಡದ ಹಿಂದುಗಡೆಯೇ ಆ ಮನುಷ್ಯನ ಅಂಗಡಿ. ಎದ್ದು ಹಿಂದಕ್ಕೆ ಹೋಗಿ ಕೇಳಿದೆ, ಕೆ.ಆರ್. ಪೇಟೆ ಎಂದು ಯಾಕೆ ಬರೆಸಿದಿರಿ ಎಂದು.

"ನಮ್ದು ಪೇಟೆ ತಾಲ್ಲೂಕು, ಕಿಕ್ಕೇರಿ ತಾವು ಕಣಕ್ಕ. ಇಲ್ಲಿಗ್ ಬಂದು ಬೋ ವರ್ಸಾಯ್ತು," ಎಂದ, ತಾಮ್ರದ ತಂತಿ ಸುತ್ತುವುದನ್ನು ನಿಲ್ಲಿಸದೆ.

"ಹಾಗಾದರೆ ಪಾಂಡವಪುರ ಅಂತ ಹೇಳಬೇಕಿತ್ತಲ್ಲ?"

"ನೀವು ಊರ್ ಕೇಳುದ್ರಿ. ಇರಾದೆಲ್ಲಿ ಅಂತ ಕೇಳ್ನಿಲ್ವಲ್ಲ."

ಆಗ ಅರ್ಥವಾಯಿತು. ನಾಲ್ಕು ತಾಲ್ಲೂಕು ತಿರುಗಿ ಎಲ್ಲರನ್ನೂ ನಾನು ಊರು ಯಾವುದು ಎಂದು ಕೇಳಿದ್ದೆ, ಎಲ್ಲರೂ ಸರಿಯಾಗಿಯೇ ಹೇಳಿದ್ದರು. ನಮ್ಮ ಕಡೆ ಯಾರೂ ತಾವು ಇರುವ ಜಾಗವನ್ನು ಊರು ಎಂದು ಹೇಳುವುದಿಲ್ಲ. ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಬಂದು ಇಲ್ಲೇ ಮನೆ ಕಟ್ಟಿ, ಮಕ್ಕಳಿಗೆ ಮದುವೆ ಮಾಡಿ, ಮೊಮ್ಮಕ್ಕಳನ್ನು ಎತ್ತಾಡಿಸುತ್ತಿರುವವನೂ ನಮ್ಮೂರು ನಾಗಮಂಗಲದ ಕಡೆ ಎನ್ನುತ್ತಾನೆ. ಹೆಂಗಸರು ಇನ್ನೂ ಒಂದು ಹೆಜ್ಜೆ ಮುಂದೆ. ಗಂಡನ ಮನೆ ಸೇರಿ ಎಷ್ಟೇ ಕಾಲವಾಗಿರಲಿ, ಅವರು ಬರೆಸಿದ್ದೆಲ್ಲ ತವರೂರು. ಪುಟ ಉದ್ದಕ್ಕೆ ಇದ್ದಷ್ಟು ದಿನ ಯಾರೂ ಇದನ್ನು ಗಮನಿಸಲಿಲ್ಲ, ಕೆಲಸ ನೋಡಿ ಫೋನ್ ಮಾಡುತ್ತಿದ್ದರು. ಸರ್ಚ್ ಹಾಕಿದ ಮೇಲೆ ಕಣ್ಣಿಗೆ ಹೊಡೆಯಿತು.

ಭಾಯ್‌ಗೆ ಹೇಳಿದಾಗ ಅವರು ನಕ್ಕರು. ಅವರ ಹೆಸರಿನ ಮುಂದೆ ಏನಿದೆ ನೋಡಿ ಎಂದು ತೆಗೆದು ತೋರಿಸಿದೆ. ಮೀಸೆ ಬರುವ ಮೊದಲೇ ಪಾಂಡವಪುರಕ್ಕೆ ಬಂದವರು, ಶ್ರೀರಂಗಪಟ್ಟಣ ಎಂದು ಬರೆಸಿದ್ದರು. ನಗು ನಿಂತಿತು.

"ಅಬ್ಬಾಜಾನ್ ಕಬರ್ ಅಲ್ಲೈತೆ ಬೇಟಿ. ಇನ್ನೇನ್ ಬರುಸ್ಲಿ?" ಎಂದರು. ಆಮೇಲೆ, "ಆದ್ರೂ ಇದು ನಡೆಯಾದಲ್ಲ. ಈ ಊರು ಅನ್ನೋ ಕಾಲಂ ತೆಗುದ್ಬುಡು. ಇರೋ ಜಾಗ ಕೇಳ್ಕಂಬಂದು ಅದ ಹಾಕು," ಎಂದರು.

ತೆಗೆಯುವ ಮೊದಲು ಸುಮ್ಮನೆ ಪಟ್ಟಿಯಲ್ಲಿದ್ದ ಒಂದೊಂದು ಊರನ್ನೂ ಒತ್ತಿ ನೋಡುತ್ತಾ ಕೂತೆ. ಹೊಲಿಗೆ, ದೇವಲಾಪುರ ಎಂದು ಕೊಟ್ಟಾಗ ಒಬ್ಬರೇ ಬಂದರು. ಪಕ್ಕದಲ್ಲಿದ್ದ ಫೋನ್ ನಂಬರ್ ನನಗೆ ಬಾಯಿಪಾಠವಾಗಿದ್ದ ನಂಬರು. ನಮ್ಮ ಪಕ್ಕದ ಮನೆಯವರದ್ದು. ನಮಗೆ ಯಾರಾದರೂ ಫೋನ್ ಮಾಡಬೇಕಿದ್ದರೆ ಅವರ ಮನೆಗೆ ಮಾಡಬೇಕಿತ್ತು, ಅವರು ಕೂಗಿ ಕರೆಯುತ್ತಿದ್ದರು. ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯ ಆ ಹೊಲಿಗೆಯವಳು ನಮ್ಮವ್ವ.

ಅವ್ವ ಬೆಳಗೊಳದ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಅಪ್ಪ ಅವಳನ್ನು ಊರು ಕೇಳಿದ್ದಾರೆ, ಅವಳು ಹೇಳಿದ್ದಾಳೆ, ಅವರು ಬರೆದುಕೊಂಡಿದ್ದಾರೆ. ಇದರಲ್ಲಿ ವಿಶೇಷವೇನೂ ಇಲ್ಲ, ಎಲ್ಲ ಹೆಂಗಸರೂ ತವರನ್ನೇ ಹೇಳಿದ್ದರು. ಆದರೆ ಅವ್ವ ತವರಿಗೆ ಕಾಲಿಟ್ಟು ಎಂಟು ವರ್ಷವಾಗಿತ್ತು. ಆ ಊರಿನ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಅಜ್ಜಿ ತೀರಿಕೊಂಡಾಗ ನಡೆದದ್ದು ಅದು. ಸುದ್ದಿ ಹೇಳಲು ಅವ್ವನ ಅಣ್ಣ ಒಬ್ಬ ಆಳನ್ನು ಬೆಳಗೊಳಕ್ಕೆ ಓಡಿಸಿದ್ದ. ನಾವು ಆಗ ತಾನೇ ಕಾಲೋನಿಯ ಬೇರೆ ಸಾಲಿನ ಮನೆಗೆ ಬದಲಾಗಿದ್ದೆವು. ಆ ಆಳು ಹಳೇ ಮನೆಯ ಮುಂದೆ ಕೂತು, ಬೀಗ ನೋಡಿ, ಅವರಿವರನ್ನು ಕೇಳಿ ನಮ್ಮನ್ನು ಹುಡುಕುವಷ್ಟರಲ್ಲಿ ಹೊತ್ತಾಗಿತ್ತು. ಅವ್ವ ಹೋಗಿ ಮುಟ್ಟುವ ವೇಳೆಗೆ ಮಣ್ಣು ಮಾಡಿ ಎಲ್ಲರೂ ಸ್ನಾನಕ್ಕೆ ಹೋಗಿದ್ದರು. "ಎತ್ತವ್ವನ ಮಕ ನೋಡ್ದಂಗ್ ಮಾಡ್ಬುಟ್ರಿ," ಎಂದು ಅವ್ವ ಜನರ ಮುಂದೆ ಕೂಗಾಡಿದಳು. "ನಿನ್ಗೋಸ್ಕರ ಎಣ ಮಡೀಕಂಡ್ ಕೂತಿರಕ್ಕಾಯ್ತದಾ," ಎಂದುಬಿಟ್ಟ ಮಾವ. ಅವತ್ತು ಬಂದವಳು ಮತ್ತೆ ಹೋಗಲಿಲ್ಲ, ಅವನೂ ಕರೆಯಲಿಲ್ಲ. ಗೌರಿ ಹಬ್ಬಕ್ಕೆ ಅಕ್ಕಪಕ್ಕದ ಮನೆಗಳಿಗೆಲ್ಲ ಅಣ್ಣತಮ್ಮಂದಿರು ಬಾಗಿನ ತಂದು ಕೊಟ್ಟು ಹೋಗುವಾಗ ಅವ್ವ ಬಾಗಿಲು ಅರ್ಧ ಮುಚ್ಚಿಕೊಂಡು ಮಿಷನ್ ತುಳಿಯುತ್ತಿದ್ದಳು. ಅವತ್ತು ಅವಳ ಹತ್ತಿರ ಯಾರೂ ಮಾತಾಡುವ ಹಾಗಿರಲಿಲ್ಲ.

ಇರುವ ಜಾಗ ಕೇಳಲು ಇನ್ನೊಂದು ಸುತ್ತು ಹೊರಟವಳು ಮೊದಲು ನಮ್ಮ ಮನೆಯಿಂದಲೇ ಶುರು ಮಾಡಿದೆ.

"ಅವ್ವ, ಡೈರೆಕ್ಟರಿಯಲ್ಲಿ ನಿನ್ನ ಊರು ತೆಗೆದು ಬೆಳಗೊಳ ಅಂತ ಹಾಕ್ತೀನಿ," ಎಂದೆ.

ಅವಳು ದಾರ ಕಚ್ಚಿ ತುಂಡು ಮಾಡಿದಳು. "ಇರಾ ಜಾಗ ಬೇಕಾರೆ ಬರ್ಕೋ. ಊರ ಮುಟ್ಬ್ಯಾಡ."

"ಆ ಕಾಲಮ್ಮೇ ಇರುವುದಿಲ್ಲ. ಎಲ್ಲರದ್ದೂ ತೆಗೆಯುತ್ತೀವಿ."

"ಎಲ್ಲಾರ್ದೂ ತೆಗಿ. ನಂದ್ ಬುಡು."

"ಹಾಗೆಲ್ಲ ಒಬ್ಬರದ್ದು ಬಿಡುವುದಕ್ಕೆ ಆಗಲ್ಲವ್ವ. ಬೆಳಗೊಳ ಅಂದರೆ ನಿನಗೇನು ಕಷ್ಟ?"

"ಇದು ಮಿಲ್ಲಿನೋರ್ ಕೊಟ್ಟಿರಾ ಮನೆ ಕಣಮ್ಮಿ. ನಿಮ್ಮಪ್ಪನ ಕೆಲ್ಸ ಮುಗುದ್ರೆ ಎದ್ದೋಗು ಅಂತಾರೆ. ಇದ ನಮ್ಮೂರು ಅಂತ ಎಂಗ್ ಬರುಸ್ಲಿ?"

ನನಗೆ ರೇಗಿತು. ಎಂಟು ವರ್ಷದಿಂದ ಒಂದು ಸಲವೂ ತಿರುಗಿ ನೋಡದವರ ಊರನ್ನು ಎದೆಗೆ ಕಟ್ಟಿಕೊಂಡು ಕೂತಿದ್ದಾಳಲ್ಲ ಎಂದು. "ಅವರು ನಿನ್ನನ್ನು ಕರೆದೇ ಇಲ್ಲವಲ್ಲ," ಎಂದೆ.

"ಅವ್ರು ಕರೀದೆ ಓದ್ರೆ ಊರ್ ಓಯ್ತದಾ?" ಎಂದು ಅವ್ವ ಮತ್ತೆ ಮಿಷನ್ ತುಳಿಯತೊಡಗಿದಳು. ಆ ಸದ್ದಿನಲ್ಲಿ ನನ್ನ ಮಾತು ಕೇಳುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮತ್ತೆ ಬಸ್ಸು ಹತ್ತಿದೆ. ನಾಗಮಂಗಲ, ಕೆ.ಆರ್. ಪೇಟೆ, ಹೇಮಗಿರಿ ದಾರಿಯ ಸಣ್ಣ ಸಣ್ಣ ಊರು. ಈಗ ಎಲ್ಲಿದ್ದೀರಿ ಎಂದು ಕೇಳಿದರೆ ಜನ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು, ಎದುರಿಗೇ ಕೂತಿದ್ದಾರಲ್ಲ. ಅಂತೂ ಹೊಸ ಕಾಲಂ ತುಂಬಿತು. ಎಲೆಕ್ಟ್ರಿಷಿಯನ್, ಪಾಂಡವಪುರ ಎಂದರೆ ಈಗ ಜನ ಬಂದರು. ಭಾಯ್ ಮೂರು ಸಲ ಒತ್ತಿ ನೋಡಿ ಸಂತೋಷಪಟ್ಟರು. ಹಳೇ ಕಾಲಂ ಅಳಿಸುವುದೊಂದು ಬಾಕಿ. ಸಂಜೆ ಮನೆಗೆ ಹೋದಾಗಲೆಲ್ಲ ಅವ್ವ ಬೇರೆ ಏನೋ ಮಾತಿನ ನಡುವೆ "ಅಳ್ಸುದ್ಯಾ?" ಎನ್ನುತ್ತಿದ್ದಳು. "ಇನ್ನೂ ಇಲ್ಲ," ಎನ್ನುತ್ತಿದ್ದೆ. ಅಳಿಸುವುದಕ್ಕೆ ಕಷ್ಟವೇನೂ ಇರಲಿಲ್ಲ, ಒಂದು ಸಾಲಿನ ಕೆಲಸ. ಬೈದುಕೊಂಡೇ ಮುಂದಕ್ಕೆ ಹಾಕುತ್ತಿದ್ದೆ.

ಗುರುವಾರ ಪಾಂಡವಪುರದ ಸಂತೆ. ಅವತ್ತು ಬೂತಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ವಯಸ್ಸಾದ ಒಬ್ಬ ಗೌಡರು ಚೀಲ ಹೆಗಲಿಗೆ ಹಾಕಿಕೊಂಡು ಬಂದು, ಮನೆಯಲ್ಲಿ ಒಂದು ಕಾರ್ಯ ಇದೆ, ಅಡುಗೆಯವರು ಬೇಕು ಎಂದರು. ನಾನು ಹುಡುಕಿ ಪಾಂಡವಪುರದಲ್ಲಿದ್ದ ಅಡುಗೆಯವರ ಹೆಸರು ಓದಿದೆ. ಅವರು ಪರದೆಯ ಕಡೆ ನೋಡಲೇ ಇಲ್ಲ.

"ಇವ್ರೆಲ್ಲ ಯಾವ್ ಕಡೆಯೋರು?" ಎಂದು ಕೇಳಿದರು.

"ಇಲ್ಲೇ ಪಾಂಡವಪುರದಲ್ಲೇ ಇದ್ದಾರೆ ಗೌಡ್ರೆ."

"ಇರಾದ್ ಇರ್ಲಿ ಬುಡವ್ವ. ಮೂಲ್ದಲ್ಲಿ ಯಾವ್ ಕಡೆಯೋರು? ನಮ್ಮದು ದೇವಲಾಪುರದ ತಾವು. ನಮ್ ಕಡೆಯೋರು ಯಾರಾರ ಅವ್ರಾ? ನಮ್ ಜನುಕ್ಕೆ ಎಂಗ್ ಬಡುಸ್ಬೇಕು ಅಂತ ಗೊತ್ತಿರೋರು ಬೇಕು."

ನಾನು ಭಾಯ್ ಮುಖ ನೋಡಿದೆ, ಭಾಯ್ ನನ್ನ ಮುಖ ನೋಡಿದರು. ಅಳಿಸದೆ ಉಳಿದಿದ್ದ ಕಾಲಂನಲ್ಲಿ ಹುಡುಕಿದೆ. ಅಡುಗೆ, ದೇವಲಾಪುರ. ಒಬ್ಬರು ಸಿಕ್ಕರು, ಇದ್ದದ್ದು ನಮ್ಮ ಬೂತಿನಿಂದ ಎರಡು ಬೀದಿ ಆಚೆ. ಗೌಡರು ತಲೆಯಾಡಿಸಿದರು, ಆ ಮನೆತನ ಅವರಿಗೆ ಗೊತ್ತಿತ್ತು.

"ನಾನೂ ಅಂಗೇ ಅಲ್ವಾ," ಎಂದರು ಭಾಯ್ ತಮ್ಮಷ್ಟಕ್ಕೆ. "ಡ್ರೈವರ್ ಬೇಕು ಅಂದ್ರೆ ಫಸ್ಟು ಶ್ರೀರಂಗಪಟ್ಣದೋರು ಯಾರವ್ರೆ ಅಂತ ನೋಡ್ತಿದ್ದೆ." ಆಮೇಲೆ ನನಗೆ, "ಎರಡೂ ಇರ್ಲಿ ಬೇಟಿ. ಇರೋ ಜಾಗ ಒಂದು, ಊರು ಒಂದು. ಕೇಳೋರು ಯಾವುದ್ ಬೇಕೋ ಒತ್ಲಿ," ಎಂದರು. ಎರಡು ಸುತ್ತು ಬಸ್ಸು ಹತ್ತಿದ್ದು ನಾನು, ತೀರ್ಪು ಹೇಳುವುದು ಅವರು. ಆದರೂ ನನಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು.

ಗೌಡರು ಹೋಗಲಿಲ್ಲ. ನಮ್ಮ ಕಡೆಯವರು ಇದರಲ್ಲಿ ಇನ್ನೂ ಯಾರು ಯಾರಿದ್ದಾರೆ ಎಂದು ಸ್ಟೂಲ್ ಎಳೆದುಕೊಂಡು ಕೂತರು. ನಾನು ದೇವಲಾಪುರದ ಕಡೆಯವರನ್ನೆಲ್ಲ ತೆಗೆದು ಓದುತ್ತಾ ಹೋದೆ. ಕೆ.ಆರ್. ಪೇಟೆಯಲ್ಲಿರುವ ಬಡಗಿ, ಶ್ರೀರಂಗಪಟ್ಟಣದಲ್ಲಿರುವ ಡ್ರೈವರ್. ಒಬ್ಬೊಬ್ಬರಿಗೂ ಅವರು ಇಂಥವನ ಮಗ, ಇಂಥವಳ ಅಳಿಯ ಎಂದು ಒಪ್ಪಿಗೆ ಕೊಡುತ್ತಿದ್ದರು. ಕೊನೆಗೆ, ಬೆಳಗೊಳದಲ್ಲಿರುವ ಹೊಲಿಗೆಯವಳು ಎಂದು ಹೇಳಿ ಅವ್ವನ ಹೆಸರೂ ಊರೂ ಓದಿದೆ. ಗೌಡರು ಮೊದಲ ಸಲ ಪರದೆಯ ಕಡೆ ತಿರುಗಿ ನೋಡಿದರು.

"ಆ ವಮ್ಮ ಇನ್ನೂ ನಮ್ಮೂರು ಅಂತ ಅದ್ನೇ ಬರುಸವ್ಳಾ?" ಎಂದು ಕೇಳಿದರು.

"ಹೂಂ."

"ನಿಮ್ಗೇನಾಗ್ಬೇಕು?"

"ನಮ್ಮವ್ವ," ಎಂದೆ.

ಅವರ ಊರು ನಮ್ಮ ಅವ್ವನ ತವರಿಗೆ ಒಂದು ಕೆರೆಯ ಏರಿಯಷ್ಟು ದೂರವಂತೆ. ಮಾವನ ಮಗಳಿಗೂ ಗಂಡು ಗೊತ್ತಾಗಿದೆ, ಲಗ್ನ ಹತ್ತಿರದಲ್ಲೇ ಇದೆ ಎಂದರು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಅವ್ವನಿಗೆ ನಾನು ಊರಿನ ಕಾಲಂ ಉಳಿಯಿತು ಎಂದಷ್ಟೇ ಹೇಳಿದೆ, ಮದುವೆಯ ವಿಷಯ ಬಾಯಿ ಬಿಡಲಿಲ್ಲ. ಸೋದರತ್ತೆಯನ್ನು ಬಿಟ್ಟು ಮದುವೆ ಮಾಡುತ್ತಾರೆ ಎನ್ನುವುದನ್ನು ಅವಳಿಗೆ ನನ್ನ ಬಾಯಿಂದ ಹೇಳುವುದು ನನ್ನ ಕೈಲಿ ಆಗುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮಾವ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತವನನ್ನು ನಾನೇ ಮೊದಲು ನೋಡಿದ್ದು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಪ್ಪ ಡ್ಯೂಟಿಗೆ ಹೋಗಿದ್ದರು. ಅವ್ವ ತಲೆ ಎತ್ತಿ ನೋಡಿದಳು, ತುಳಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಹೊಲಿಗೆಯನ್ನು ಕೊನೆಯವರೆಗೂ ಹೊಲಿದು, ದಾರ ಕತ್ತರಿಸಿ, ಆಮೇಲೆ ಕೈ ತೆಗೆದಳು. ನಾನು ಚಾಪೆ ಹಾಸಿ ನೀರು ಕೊಟ್ಟೆ. "ಕೂತ್ಕೊಳ್ಳಿ ಮಾವ," ಎಂದೆ. ಅವನು ಕೂತು ನೀರು ಕುಡಿದ. ಇಬ್ಬರೂ ಹಳೆಯದನ್ನು ಎತ್ತಲಿಲ್ಲ. ಈಗ ಎತ್ತುತ್ತಾರೆ, ಈಗ ಎತ್ತುತ್ತಾರೆ ಎಂದು ನನಗೆ ಭಯ.

ಮಾವ ಚೀಲದಿಂದ ರವಿಕೆ ಬಟ್ಟೆಗಳನ್ನು ತೆಗೆದು ಚಾಪೆಯ ಮೇಲೆ ಇಟ್ಟ. "ಮಗೀಗೆ ಮದ್ವೆ. ನಮ್ಮೂರೋರೆ ಒಬ್ರು ಒಲೀತಾರೆ ಅಂತ ಯಾರೋ ಅಂದ್ರು," ಎಂದ.

ಅವ್ವ ಮಿಷನ್ ಬಿಟ್ಟು ಬಂದು ಒಂದೊಂದನ್ನೂ ಬಿಚ್ಚಿ ಬೆರಳಲ್ಲಿ ತಿಕ್ಕಿ ನೋಡಿದಳು. "ಇದು ಬಣ್ಣ ಬುಡ್ತದೆ. ಮೊದ್ಲು ನೀರ್ಗಾಕ್ಬೇಕು," ಎಂದಳು.

"ಆಕು."

"ಅಳ್ತೆ ರವ್ಕೆ ಎಲ್ಲಿ?"

"ತಂದಿಲ್ಲ."

"ಅಳ್ತೆ ಇಲ್ದೆ ಎಂಗಣ್ಣ ಒಲೀಲಿ?"

ಅಣ್ಣ ಎನ್ನುವುದು ಅವಳ ಬಾಯಿಂದ ತಾನಾಗಿ ಬಂದುಬಿಟ್ಟಿತು. ಮಾವ ನೆಲ ನೋಡಿದ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಅಳತೆಗೊಂದು ಹಳೇ ರವಿಕೆ ಇಲ್ಲದೆ ಇರುತ್ತದೆಯೇ. ಹೊಲಿಯಲು ಬಟ್ಟೆ ಕೊಡುವಾಗ ಅದನ್ನು ಕೊಡಬೇಕೆಂದು ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ಅವನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದ.

"ಮಗು ಮನೇಲವ್ಳೆ," ಎಂದ ಅವನು. "ನೀನೇ ಬಂದು ಅಳ್ತೆ ತಕ್ಕೊ."

ನಾನು ಅಡುಗೆಮನೆಗೆ ಹೋಗಿ ಒಲೆ ಹಚ್ಚುವ ನೆವದಲ್ಲಿ ಅತ್ತುಬಿಟ್ಟೆ. ತಿರುಗಿ ಬಂದಾಗ ಅವ್ವ ಬಟ್ಟೆಗಳನ್ನು ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು. ಗೋಡೆಯ ಮೊಳೆಯಿಂದ ಟೇಪು ತೆಗೆದು ಬೆರಳಿಗೆ ಸುತ್ತುತ್ತಾ, ನಾಗಮಂಗಲದ ಬಸ್ಸು ಎಷ್ಟು ಹೊತ್ತಿಗೆ ಎಂದು ಅಣ್ಣನನ್ನು ಕೇಳುತ್ತಿದ್ದಳು.